ಕಿಲುಬಿಗೇ ಕಾಸು

(ಬೆಂಗಳೂರಿನ ಸಂಡೇ ಬಜಾರ್. ಹೊಸ ಫ್ಲ್ಯಾಟಿಗೆ ಹಳೇ ಸಾಮಾನು ಹುಡುಕುತ್ತಿರುವ ದಂಪತಿ.)

“ಈ ವಿಗ್ರಹ ಎಷ್ಟು ಹಳೇದು?”

“ನಿಮಗೆಷ್ಟು ಬೇಕು ಸಾರ್?”

“ಮುನ್ನೂರು ವರ್ಷ.”

“ನೂರು ತುಂಬಿದ್ರೆ 1972ರ ಕಾಯಿದೆ ಪ್ರಕಾರ ನೋಂದಣಿ ಮಾಡಿಸ್ಬೇಕು.” (ಕಾನೂನು ಬಲ್ಲ ವ್ಯಾಪಾರಿ! ಅವನನ್ನೇ ಶೋಕೇಸಿನಲ್ಲಿಡಬಹುದಿತ್ತು.)

“ಹಾಗಾದ್ರೆ ತೊಂಬತ್ತೊಂಬತ್ತು ಮಾಡಿ.”

“ಮಾಡೋಣ. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ. ಕಿಲುಬು ಹೋದ್ರೆ ಹೋದ ವರ್ಷದ್ದಾಗಿಬಿಡುತ್ತೆ.”

“ಆ ತಾಮ್ರದ ಹಂಡೆ?”

“ಅದು ಅಸಲಿ. ಕಂಠದ ಮೇಲೆ ಹೆಸರೂ ಕೆತ್ತಿದೆ.”

“ಅರೆ, ನಮ್ಮಜ್ಜಿ ಹೆಸರು!”

ಹೆಂಡತಿ: “ರೀ, ಅತ್ತೆ ಇದನ್ನ ಹಾಕಿ ತಾನೇ ಸ್ಟೀಲ್ ಡಬ್ಬಿ ತಗೊಂಡಿದ್ದು?”

“ಓ, ನಿಮ್ಮ ಮನೇದೇನಾ? ಹಾಗಾದ್ರೆ ವಂಶಪಾರಂಪರ್ಯದ್ದು ಸಾರ್. ಎರಡು ಸಾವಿರ ಜಾಸ್ತಿ.”