ನಮ್ಮ ಆಫರಣ್ಣ

ನಮ್ಮ ಕಡೆ ಮಾಲು ಅಂದರೆ ಅಡಿಕೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ‘ಮಾಲು ಬಿತ್ತಂತಲ್ಲ ಮಾರಾಯ’ ಅಂದರೆ ಕಟ್ಟಡ ಕುಸಿದ ಸುದ್ದಿಯಲ್ಲ, ರಾಶಿ ಅಡಿಕೆಯ ಧಾರಣೆ ಇಳಿದ ಸುದ್ದಿ. ಹಾಗಾಗಿ ಹೋದ ಮಳೆಗಾಲದಲ್ಲಿ ನಾವಿಬ್ಬರೂ ಬೆಂಗಳೂರಿನಿಂದ ಬಂದಿಳಿದು ಹೋಟೆಲಿಗೆ ನುಗ್ಗಿದ ಕೂಡಲೇ ಆಫರಣ್ಣ ಮುಖ ಸಪ್ಪೆ ಮಾಡಿಕೊಂಡು, ‘ಮಾಲು ಪೂರಾ ಸತ್ತೇ ಹೋಯ್ತು’ ಎಂದಾಗ ಪಕ್ಕದ ಮೇಜಿನ ನಾಲ್ವರು ಕಾಫಿ ಲೋಟ ಕೆಳಗಿಟ್ಟು, ಮೊಬೈಲ್ ತೆಗೆದು ಮ್ಯಾಮ್ಕೋಸ್ ರೇಟು ನೋಡಿದರು. ರೇಟು ಇದ್ದಲ್ಲೇ ಇತ್ತು. ಸತ್ತದ್ದು ಇವನ ಮಗನ ಮನೆ ಹತ್ತಿರದ ಶಾಪಿಂಗ್ ಮಾಲು.

ಆಫರಣ್ಣನ ನಿಜವಾದ ಹೆಸರು ಬೇಡ. ಇಂಥವರು ಕೊಪ್ಪಕ್ಕೊಬ್ಬ, ಶೃಂಗೇರಿಗೊಬ್ಬ, ಎನ್.ಆರ್. ಪುರಕ್ಕೆ ಇಬ್ಬರು ಇದ್ದೇ ಇದ್ದಾರೆ. ಒಬ್ಬನ ಹೆಸರು ಬರೆದರೆ ಉಳಿದ ಮೂವರಿಗೆ ಬೇಜಾರು. ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂತವನು. ನಾಲ್ಕೆಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಗುಡ್ಡದ ಅಂಚಿಗೆ ಒಂದಿಷ್ಟು ಕಾಫಿ. ಮಾರುವಾಗ ಇವನಂಥ ಘಾಟಿ ಇನ್ನೊಬ್ಬನಿಲ್ಲ. ಅಡಿಕೆಗೆ ನ್ಯಾಯದ ಬೆಲೆ ಸಿಗಲೆಂದು 1939ರಲ್ಲೇ ಮ್ಯಾಮ್ಕೋಸ್ ಎಂಬ ಸಹಕಾರ ಸಂಘ ಕಟ್ಟಿಕೊಂಡ ಸೀಮೆಯವನಲ್ಲವೇ! ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರೆ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ಹೇಳಬಲ್ಲ. ವ್ಯಾಪಾರಿ ನೂರು ರೂಪಾಯಿ ಕಡಿಮೆ ಕೇಳಿದರೆ ಚೀಲದ ಬಾಯಿ ಕಟ್ಟಿ ಮತ್ತೆ ಅಟ್ಟಕ್ಕೆ ಏರಿಸಿ ಮುಂದಿನ ವರ್ಷದವರೆಗೂ ಕಾಯಬಲ್ಲ.

ಇಂಥ ಮನುಷ್ಯ ಕೆಂಪು ಬೋರ್ಡಿನಲ್ಲಿ ಬಿಳಿ ಅಕ್ಷರದ ‘50% ರಿಯಾಯಿತಿ’ ಕಂಡರೆ ಜಾತ್ರೆಯಲ್ಲಿ ಬತ್ತಾಸು ಕಂಡ ಮಗುವಾಗಿಬಿಡುತ್ತಾನೆ.

ಅವನ ಅಟ್ಟ ನೋಡಬೇಕು. ಅರ್ಧ ಅಡಿಕೆ ಚೀಲ, ಅರ್ಧ ಆಫರು. ಒಂದರೊಳಗೊಂದು ಒಂದರೊಳಗೊಂದು ಕೂತ ಮೂರು ಸೂಟ್‌ಕೇಸು. ಎರಡು ಕೊಂಡರೆ ಒಂದು ಉಚಿತ ಅಂತ ತಂದ ಅಂಗಿಗಳಲ್ಲಿ, ಉಚಿತವಾಗಿ ಬಂದದ್ದು ಇವನ ಅಳತೆಯದ್ದಲ್ಲ. ಎಲ್ಲಕ್ಕೂ ಕಲಶವಿಟ್ಟಂತೆ ಮೂಲೆಯಲ್ಲೊಂದು ಏರ್ ಕೂಲರ್. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಾದರೂ ಬಿಡದ, ತೊಳೆದ ಲುಂಗಿ ಒಲೆ ಮೇಲೆ ಒಣಗಬೇಕಾದ ಊರಿಗೆ ತಂಪು ಗಾಳಿಯ ಯಂತ್ರ! ‘ಶೇಕಡಾ 60 ಕಮ್ಮಿ ಇತ್ತು’ ಅನ್ನುವುದು ಅವನ ಉತ್ತರ. ಅದಕ್ಕೆ ಅತ್ತಿಗೆಯದ್ದೊಂದು ಪ್ರಶ್ನೆ ಇದೆ, ಮೂವತ್ತು ವರ್ಷದಿಂದ ಅದೇ ಪ್ರಶ್ನೆ: ‘ಅಷ್ಟು ಉಳೀತು, ಇಷ್ಟು ಉಳೀತು ಅಂತೀರಲ್ಲ, ಉಳಿದ ದುಡ್ಡು ಎಲ್ಲಿದೆ, ಒಂದ್ಸಲ ತೋರ್ಸಿ ನೋಡುವಾ.’

ದೇಶಕ್ಕೆ 1950ರ ಜನವರಿ 26 ಹೇಗೋ ಆಫರಣ್ಣನಿಗೆ 2006ರ ಜನವರಿ 26 ಹಾಗೆ. ಬಿಗ್ ಬಜಾರಿನವರು ಗಣರಾಜ್ಯೋತ್ಸವಕ್ಕೆ ‘ಸಬ್ಸೆ ಸಸ್ತಾ ದಿನ್’ ಅಂತ ಶುರು ಮಾಡಿದ್ದು ಆವತ್ತು. ಅಳಿಯತನಕ್ಕೆಂದು ಬೆಂಗಳೂರಿಗೆ ಹೋಗಿದ್ದವನು ಮಾವನ ಮನೆಯ ಪಾಯಸ ಬಿಟ್ಟು ಸರತಿಯಲ್ಲಿ ನಿಂತು, ಹನ್ನೆರಡು ಪ್ಲಾಸ್ಟಿಕ್ ಬಕೆಟ್ ಸಮೇತ ಶೃಂಗೇರಿ ಬಸ್ಸು ಹತ್ತಿದ. ಕಂಡಕ್ಟರು ಬಕೆಟಿಗೂ ಲಗೇಜ್ ಟಿಕೆಟು ಹರಿದದ್ದನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2022ರಲ್ಲಿ ಆ ಅಂಗಡಿಗಳು ಸಾಲ, ಬಾಡಿಗೆ ಬಾಕಿಯಲ್ಲಿ ಮುಳುಗಿ ರಿಲಯನ್ಸಿನ ಕೈಗೆ ಹೋದಾಗ ಇವನ ಮುಖದಲ್ಲಿ ಮೂರು ದಿನ ಸೂತಕ.

ಬೆಲೆ ಓದುವುದರಲ್ಲೂ ಅವನದ್ದೇ ಒಂದು ವ್ಯಾಕರಣ. ನಾವು ಹುಡುಗರಾಗಿದ್ದಾಗ ಐದು ಪೈಸೆ ಕಡಿಮೆ ಇಟ್ಟ ಬೆಲೆಗೆ ‘ಬಾಟಾ ರೇಟು’ ಅನ್ನುತ್ತಿದ್ದೆವು. ಆ ಐದು ಪೈಸೆ ಈಗ ಒಂದು ರೂಪಾಯಿ ಆಗಿದೆ, ಅಷ್ಟೇ. 999 ಅಂದರೆ ಸಾವಿರ ಅಂತ ನಮಗೆ ನಿಮಗೆ ಗೊತ್ತು. ಆಫರಣ್ಣನ ಬಾಯಲ್ಲಿ ಮಾತ್ರ ಅದು ‘ಒಂಬೈನೂರು ಚಿಲ್ರೆ’. ಅಂಗಡಿಯವನು ಒಂದು ರೂಪಾಯಿ ಬಿಟ್ಟ, ಇವನು ತೊಂಬತ್ತೊಂಬತ್ತನ್ನೂ ಬಿಟ್ಟ.

ಇನ್ನು ಆ ಸತ್ತ ಮಾಲಿನ ಕಥೆ. ಮಗನ ಮನೆಗೆ ನನ್ನನ್ನೂ ಜೊತೆಗೆ ಎಳೆದುಕೊಂಡು ಹೋಗಿದ್ದ. ಹತ್ತು ವರ್ಷದ ಕೆಳಗೆ ಕಾಲಿಡಲು ಜಾಗವಿಲ್ಲದ ಕಟ್ಟಡ ಅದು. ಈಗ ಎಸ್ಕಲೇಟರ್ ನಿಂತಿತ್ತು. ನಿಂತ ಎಸ್ಕಲೇಟರ್ ಹತ್ತುವುದು ನಮ್ಮ ಗುಡ್ಡ ಹತ್ತುವುದಕ್ಕಿಂತ ಕಷ್ಟ. ಮೂರರಲ್ಲಿ ಎರಡು ಅಂಗಡಿಗೆ ಶಟರ್. ಊಟದ ಮಹಡಿಯಲ್ಲಿ ಒಬ್ಬನೇ ಒಬ್ಬ ಜೋಳ ಬೇಯಿಸುತ್ತಾ ಕೂತಿದ್ದ. ಇದೊಂದರ ಗತಿಯಲ್ಲ. ನೈಟ್ ಫ್ರಾಂಕ್ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ದೇಶದ ದೊಡ್ಡ ನಗರಗಳಲ್ಲಿ ಇಂಥ 64 ‘ದೆವ್ವದ ಮಾಲು’ಗಳಿದ್ದವು, ಹಿಂದಿನ ವರ್ಷ 57. ಶೇಕಡಾ 40ಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದರೆ ಆ ಹೆಸರು. ದೊಡ್ಡ ಮಾಲುಗಳು ಈಗಲೂ ಗಿಜಿಗುಡುತ್ತವೆ. ಉಸಿರು ಬಿಡುತ್ತಿರುವುದು ಸಣ್ಣವು, ಹಳೆಯವು.

ದೆವ್ವದ ಮಾಲಿನ ಒಂದು ಬಟ್ಟೆ ಅಂಗಡಿ ಮಾತ್ರ ತೆರೆದಿತ್ತು. ಬಾಗಿಲಲ್ಲಿ ‘ಅಂಗಡಿ ಮುಚ್ಚುತ್ತಿದ್ದೇವೆ, 70% ರಿಯಾಯಿತಿ’. ಆಫರಣ್ಣನ ಕಣ್ಣಿಗೆ ಹೊಳಪು ಬಂತು. ಒಂದು ಬೆಡ್‌ಶೀಟ್ ಪ್ಯಾಕೆಟ್ ಎತ್ತಿಕೊಂಡ. 2,999ಕ್ಕೆ ಅಡ್ಡಗೀಟು, ಕೆಳಗೆ ದಪ್ಪಗೆ 899. ಅವನ ಬಲಗೈ ಹೆಬ್ಬೆರಳಿನ ಉಗುರು ಚಿಕ್ಕಂದಿನಿಂದ ಅಡಿಕೆ ಸುಲಿದು ಸುಲಿದು ಚೂರಿಯಾದದ್ದು, ಸುಮ್ಮನಿರುವ ಜಾತಿಯದ್ದಲ್ಲ. ಸ್ಟಿಕ್ಕರಿನ ಒಂದು ಮೂಲೆ ಎಬ್ಬಿಸಿತು, ಹಿಂದಕ್ಕೆ ಎಳೆಯಿತು. ಅಡಿಯಲ್ಲಿ ಕಂಪನಿಯೇ ಅಚ್ಚು ಹಾಕಿದ ಬೆಲೆ: 999. ಎಡೇಹಳ್ಳಿಯ ಮೇಲೆ ನರಸಿಂಹರಾಜಪುರ ಅಂತ ಸ್ಟಿಕ್ಕರ್ ಅಂಟಿಸಿ ನೂರು ವರ್ಷ ದಾಟಿದರೂ ಅಡಿಯ ಹೆಸರು ಇನ್ನೂ ಹಳಬರ ಬಾಯಲ್ಲಿ ಇಣುಕುತ್ತದಲ್ಲ, ಹಾಗೆ ಇಣುಕಿತು.

‘ನೋಡು, ಎಪ್ಪತ್ತಲ್ಲ, ಇದು ಬರೀ ಹತ್ತು ಪರ್ಸೆಂಟು,’ ಅಂದೆ. ‘ಕಂಪನಿ ಹಾಕಿದ ಎಂಆರ್‌ಪಿ ಮೇಲೆ ಹೆಚ್ಚಿನ ಬೆಲೆಯ ಸ್ಟಿಕ್ಕರ್ ಅಂಟಿಸೋ ಹಾಗಿಲ್ಲ. ಬೆಲೆ ಇಳಿಸಿದರೆ ಮಾತ್ರ ಅಂಟಿಸಬಹುದು, ಅದೂ ಹಳೇದು ಮುಚ್ಚಬಾರದು. ತೂಕ ಅಳತೆ ಇಲಾಖೆಗೆ ಒಂದು ದೂರು ಕೊಡು.’

ಅವನು ಸ್ಟಿಕ್ಕರನ್ನು ಜೋಪಾನವಾಗಿ ಮತ್ತೆ ಒತ್ತಿ ಅಂಟಿಸಿದ. ‘ದೂರು ಕೊಟ್ರೆ ಆಫರ್ ನಿಲ್ಸ್ತಾರೆ ಮಾರಾಯ. ನೂರು ರೂಪಾಯಿ ಆದ್ರೂ ಉಳೀತಲ್ಲ.’ ಎರಡು ಪ್ಯಾಕೆಟ್ ತಗೊಂಡ. ಎರಡು ತಗೊಂಡರೆ ಇನ್ನೂರು ಉಳಿಯುತ್ತದಂತೆ.

ಗಲಾಟೆ ಆದದ್ದು ಬಿಲ್ಲಿನ ಹತ್ತಿರ. ಕೊಟ್ಟೆಗೆ ಹನ್ನೆರಡು ರೂಪಾಯಿ ಸೇರಿಸಿದ್ದರು. ‘ಇದ್ಯಾವ ನ್ಯಾಯ? ಮೊದ್ಲೇ ಹೇಳದೆ ಕೊನೇಲಿ ಚೀಲಕ್ಕೆ ದುಡ್ಡು ಕೀಳಬಾರದು ಅಂತ 2020ರ ಡಿಸೆಂಬರಲ್ಲೇ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದೆ, ಗೊತ್ತಾ?’ ಅಂತ ಖಾಲಿ ಮಾಲು ಮೂರು ಸಲ ಪ್ರತಿಧ್ವನಿಸುವಂತೆ ಕೂಗಿದ. ಜೋಳದವನೂ ಎದ್ದು ಬಂದು ನೋಡಿದ. ಕೌಂಟರಿನ ಹುಡುಗಿ ಹೆದರಿ ಹನ್ನೆರಡು ರೂಪಾಯಿ ಬಿಟ್ಟಳು. ಎರಡು ಸಾವಿರದ ಸುಳ್ಳಿನ ಎದುರು ಕುರಿಯಂತಿದ್ದವನು ಹನ್ನೆರಡು ರೂಪಾಯಿಗೆ ಹುಲಿಯಾಗಿ, ಬೆಡ್‌ಶೀಟುಗಳನ್ನು ಕಂಕುಳಲ್ಲಿ ಅವುಚಿಕೊಂಡು ಹೊರಬಿದ್ದ.

ರಾತ್ರಿ ಬಸ್ಸಿನಲ್ಲಿ ಅವನ ಕಣ್ಣು ತೆರೆಸೋಣವೆಂದು ಅಮೆರಿಕದ ಜೆ.ಸಿ. ಪೆನ್ನಿ ಕಥೆ ತೆಗೆದೆ. ಊರೂರಿನ ಮಾಲುಗಳಲ್ಲಿದ್ದ ದೊಡ್ಡ ಅಂಗಡಿ. ಆ್ಯಪಲ್ ಅಂಗಡಿಗಳನ್ನು ಬೆಳೆಸಿದ್ದ ರಾನ್ ಜಾನ್ಸನ್ ಎಂಬವನು ಅದರ ಯಜಮಾನಿಕೆ ವಹಿಸಿಕೊಂಡು, ಬೆಲೆ ಏರಿಸಿ ಇಳಿಸುವ ಈ ನಾಟಕ ಬೇಡ, ಕೂಪನ್ನೂ ಬೇಡ, ದಿನವೂ ಒಂದೇ ನೇರ ಬೆಲೆ ಇರಲಿ ಅಂತ 2012ರ ಫೆಬ್ರವರಿಯಲ್ಲಿ ಜಾರಿಗೆ ತಂದ. ಒಂದೇ ವರ್ಷದಲ್ಲಿ ವ್ಯಾಪಾರದ ಕಾಲುಭಾಗ ಬಿದ್ದುಹೋಯಿತು. 2013ರ ಏಪ್ರಿಲ್‌ನಲ್ಲಿ ಅವನನ್ನೇ ಮನೆಗೆ ಕಳಿಸಿದರು. ಕೂಪನ್ನು ವಾಪಸು ಬಂತು. ಹೋದ ಗಿರಾಕಿ ಪೂರಾ ಬರಲಿಲ್ಲ, 2020ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಆಫರಣ್ಣ ಕತ್ತಲಲ್ಲಿ ನಿಧಾನವಾಗಿ ನಿಟ್ಟುಸಿರು ಬಿಟ್ಟ. ‘ಪಾಪದ ಜನ. ಗೆಲ್ಲೋಕೆ ಎಂತದೂ ಬಿಡಲಿಲ್ಲ ಅವ.’ ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ‘ನಾನು ಅಡಿಕೆಗೆ ಹೇಳಿದ ರೇಟನ್ನ ವ್ಯಾಪಾರಿ ಮರುಮಾತಿಲ್ಲದೆ ಒಪ್ಪಿದ್ರೆ ನಂಗೆ ರಾತ್ರಿ ನಿದ್ದೆ ಬರುತ್ತೆ ಅಂತ ಮಾಡಿದ್ಯಾ?’

ಕಣ್ಣು ತೆರೆಸಲು ಹೋದ ನಾನು ಕಿಟಕಿ ಕಡೆ ತಿರುಗಿ ಕೂತೆ.

ಮಾಲು ಸತ್ತರೂ ಆಫರಣ್ಣನಿಗೆ ತಾಪತ್ರಯವೇನಿಲ್ಲ, ಮಾಲೀಗ ಅವನ ಅಂಗಿ ಜೇಬಿನಲ್ಲಿದೆ. ‘577126 ಪಿನ್‌ಕೋಡಿಗೂ ಡೆಲಿವರಿ ಉಂಟು’ ಅಂತ ಮೊದಲ ಸಲ ಫೋನು ಹೇಳಿದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದ್ದನಂತೆ. ತೊಡಕು ಒಂದೇ, ಮನೆಯಲ್ಲಿ ಸಿಗ್ನಲ್ ಇಲ್ಲ. ನವರಾತ್ರಿ ಸಮಯದ ದೊಡ್ಡ ಸೇಲು ಶುರುವಾಗುವುದು ನಡುರಾತ್ರಿ ಹನ್ನೆರಡಕ್ಕೆ. ಕಂಬಳಿಕೊಪ್ಪೆ ಹಾಕಿ, ಟಾರ್ಚು ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿ ಕಡ್ಡಿ ಎರಡು ಬರುವ ಬಂಡೆ ಮೇಲೆ ನಿಲ್ಲುತ್ತಾನೆ. ಫೋನಿನಲ್ಲಿ ‘ಇನ್ನು ಎರಡೇ ಉಳಿದಿವೆ’ ಅಂತ ಕೆಂಪಕ್ಷರ ಮಿನುಗುತ್ತದೆ. ಹೋದ ವರ್ಷ ಕೆಳಗಿನ ಮನೆಯವರು ಆ ಟಾರ್ಚು ಕಂಡು ಕಾಡಾನೆ ಓಡಿಸಲು ಜನ ಬಂದರೆಂದು ತಾವೂ ಪಟಾಕಿ ಹಚ್ಚಿದರು. ಬೆದರಿ ಓಡಿದ್ದು ಆಫರಣ್ಣ ಒಬ್ಬನೇ. ಅಷ್ಟರಲ್ಲಿ ಎರಡೂ ಮುಗಿದಿದ್ದವು.

ಮೊನ್ನೆ ಶೃಂಗೇರಿಗೆ ಹೊರಟಿದ್ದೆ. ಅವನ ಮನೆಯ ಉಣುಗೋಲಿನ ಹತ್ತಿರ ರಸ್ತೆಬದಿಗೆ ಒಂದು ಮೇಜು, ಮೇಜಿನ ಮೇಲೆ ಜೇನಿನ ಬಾಟಲಿಗಳು, ಹಿಂದೆ ಆಫರಣ್ಣ. ರಟ್ಟಿನ ಬೋರ್ಡಿನಲ್ಲಿ 600ಕ್ಕೆ ಕೆಂಪು ಗೀಟು, ಪಕ್ಕದಲ್ಲಿ 450, ‘ಇಂದು ಮಾತ್ರ’. ಬೋರ್ಡು ಆಗಲೇ ಒಂದು ಮಳೆಗೆ ನೆನೆದು ಒಣಗಿ ಸುರುಟಿತ್ತು. ಶಾರದಾಂಬೆಯ ದರ್ಶನಕ್ಕೆ ಹೊರಟ ಬೆಂಗಳೂರಿನ ಕಾರೊಂದು ನಿಂತು ಮೂರು ಬಾಟಲಿ ಕೊಂಡು ಹೋಯಿತು.

‘ಹೋದ ವರ್ಷ ಎಷ್ಟಕ್ಕೆ ಕೊಡ್ತಿದ್ದೆ?’ ಕೇಳಿದೆ.

‘ನಾನೂರು. ಒಂದೇ ಒಂದು ಕಾರು ನಿಲ್ಲಲಿಲ್ಲ ಮಾರಾಯ.’ ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, ‘ನಿಂಗಾದ್ರೆ ನಾನೂರ ಮೂವತ್ತು. ಯಾರಿಗೂ ಹೇಳಬೇಡ’ ಅಂದ.

ನನಗೊಬ್ಬನಿಗೇ ಆ ಬೆಲೆ. ನೂರ ಎಪ್ಪತ್ತು ರೂಪಾಯಿ ಉಳಿತಾಯ. ಸಂಜೆ ಮನೆಗೆ ಬಂದು ಬಾಟಲಿ ಮೇಜಿನ ಮೇಲಿಟ್ಟು ಹೆಂಡತಿಗೆ ಲೆಕ್ಕ ಹೇಳಿದೆ. ಅವಳು ಮಾತಾಡಲಿಲ್ಲ. ಅಡುಗೆಮನೆ ಕಪಾಟಿನ ಬಾಗಿಲು ತೆಗೆದಳು. ನಮ್ಮದೇ ಹಿತ್ತಿಲ ಪೆಟ್ಟಿಗೆಯ ಜೇನು, ನಾಲ್ಕು ಬಾಟಲಿ ಸಾಲಾಗಿ ನಿಂತಿದ್ದವು. ಅವನ್ನು ಒಂಚೂರು ಆಚೆ ಸರಿಸಿ, ಆಫರಣ್ಣನ ಬಾಟಲಿಗೂ ಜಾಗ ಮಾಡಿಟ್ಟಳು.