ಕಪಾಟಿನ ಹಿಂದಿನ ಒಕ್ಕಲು

ಥಾಣೆಯಿಂದ ಕಲ್ಯಾಣದವರೆಗಿನ ನಮ್ಮ ಜನ ಒಂಥರಾ ವಿಚಿತ್ರ ಮಾರಾಯ್ರೆ. ಲೋಕಲ್ ಗಾಡಿಯಲ್ಲಿ ಮೂವರ ಬೆಂಚಿನ ಮೇಲೆ ನಾಲ್ಕನೆಯವನಿಗೆ ಅಂಗೈಯಗಲ ಜಾಗ ಬಿಡಬೇಕೆಂದರೆ ಕಿಟಕಿಯಾಚೆ ಮುಖ ತಿರುಗಿಸಿ ಕಲ್ಲಾಗುವವರು, ಜುಲೈ ತಿಂಗಳ ಮಳೆಯಲ್ಲಿ ನಿಂತ ಕಾರಿನ ಅಡಿಯಿಂದ ಒಂದು 'ಮಿಯಾಂವ್' ಕೇಳಿದರೆ ಸಾಕು, ಕೊಡೆ ಬಿಸಾಡಿ ಕೆಸರಲ್ಲಿ ಮೊಣಕಾಲೂರುತ್ತಾರೆ. ಅರ್ಧ ಗಂಟೆಯಲ್ಲಿ ಬೆಕ್ಕು ಮನೆಯೊಳಗೆ. ಮನೆಯ ಇದ್ದೊಂದು ಮಂಚವೂ ಅದಕ್ಕೇ. ಯಜಮಾನರು ಹಾಲ್‌ನಲ್ಲಿ ಚಾಪೆ.

ಡೊಂಬಿವಲಿಯ ನಮ್ಮ ರಾಯರು ಈ ಪೈಕಿ. ಪೂರ್ತಿ ಹೆಸರು ಬೇಡ, ಡೊಂಬಿವಲಿಯಲ್ಲಿ ರಾಯರಿಗೇನು ಬರವೇ? ಅವರು ಕಲ್ಯಾಣದ ಮಾರ್ಕೆಟ್ಟಿನ ಹತ್ತಿರದಿಂದ ಎತ್ತಿಕೊಂಡು ಬಂದದ್ದು ಒಂದು ಬೂದು ಬಣ್ಣದ ಹೆಣ್ಣುಬೆಕ್ಕು. ವರ್ಷ ತುಂಬಿರಬಹುದು. ಬಾಲದ ತುದಿ ಮುರಿದಿದೆ, ಕಣ್ಣಲ್ಲಿ ಇಡೀ ಮಾನವ ಕುಲದ ಮೇಲಿನ ಅಪನಂಬಿಕೆ. ಸುದ್ದಿ ತಿಳಿದ ಬಿಲ್ಡಿಂಗಿನವರೆಲ್ಲ ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವರ ಹಾಗೆ ಸೋಫಾ ತುಂಬಿದರು. ಮೂರನೇ ಮಾಳಿಗೆಯ ಕಾಕೂ "ಅಗೋಬಾಯಿ" ಎಂದು ಕೈ ಚಾಚಿದರು. ಬೆಕ್ಕು ಬುಟ್ಟಿಯಿಂದ ಹಾರಿ, ಬಾಳೆಹಣ್ಣಿನ ತಟ್ಟೆ ಮಗುಚಿ, ಕಬ್ಬಿಣದ ಕಪಾಟಿನ ಹಿಂದೆ ನಾಲ್ಕು ಬೆರಳಿನ ಸಂದಿಯಲ್ಲಿ ಮಾಯ.

ರಾಯರು ನನಗೆ ಫೋನ್ ಮಾಡಿದಾಗ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಪೊರಕೆ.

"ಹೊರಗೆ ಬರ್ತಾನೇ ಇಲ್ಲ ಮಾರಾಯ್ರೆ. ಪ್ರೀತಿಯಿಂದ ಕರೆದೆ."

"ಪೊರಕೆ ಹಿಡಿದುಕೊಂಡಾ?"

"ಮೆಲ್ಲಗೆ ದೂಡಲಿಕ್ಕೆ."

"ಟಾರ್ಚ್ ಆರಿಸಿ, ಪೊರಕೆ ಇಟ್ಟು ಬನ್ನಿ, ಕಾಕೂಗೆ ಚಹಾ ಕೊಟ್ಟು ಕಳಿಸಿ. ಅದು ಬರುವ ದಿನ ಬರುತ್ತದೆ."

ಬೆಕ್ಕಿನ ಮರಿ ಮನುಷ್ಯರನ್ನು ನಂಬಲು ಕಲಿಯುವ ಹೊತ್ತು ಎರಡನೇ ವಾರದಿಂದ ಹೆಚ್ಚುಕಮ್ಮಿ ಏಳನೇ ವಾರದವರೆಗೆ. ಆಗ ಯಾವ ಕೈ ಮುಟ್ಟಿತು, ಯಾವ ಕೈ ಕಲ್ಲೆಸೆಯಿತು ಎಂಬುದರ ಮೇಲೆ ಮುಂದಿನ ಜನ್ಮಕುಂಡಲಿ. ಆ ವಯಸ್ಸನ್ನು ಮಾರ್ಕೆಟ್ಟಿನ ತರಕಾರಿ ಗಾಡಿಗಳ ಚಕ್ರದ ಕೆಳಗೆ ಕಳೆದ ಈ ಬೆಕ್ಕಿಗೆ ಮನುಷ್ಯನೆಂದರೆ ಕಾಲು, ಕಾಲೆಂದರೆ ಒದೆ. ಬೆಕ್ಕುಗಳಿಗೆ ಮನೆ ಹುಡುಕಿಕೊಡುವವರಲ್ಲಿ ಒಂದು ಲೆಕ್ಕಾಚಾರವಿದೆ: ಅಡಗುವುದು ಬಿಡಲು ಮೂರು ದಿನ, ಮನೆಯ ಪದ್ಧತಿ ತಿಳಿಯಲು ಮೂರು ವಾರ, ಮನೆ ತನ್ನದೆನಿಸಲು ಮೂರು ತಿಂಗಳು. ಇದು ಪಂಚಾಂಗವಲ್ಲ, ಅಂದಾಜು. ನಾಲ್ಕನೇ ದಿನ ಬೆಳಗ್ಗೆ ರಾಯರು ಫೋನ್ ಮಾಡಿ "ಮೂರು ದಿನ ಆಯ್ತಲ್ಲ" ಎಂದು ಜಗಳಕ್ಕೆ ಬಂದರು. ಬ್ಯಾಂಕಿನಲ್ಲಿದ್ದವರು ನೋಡಿ, ಅವಧಿ ಮುಗಿದ ಠೇವಣಿ ಕೈಗೆ ಬರಲೇಬೇಕು.

ಪುಸ್ತಕಗಳು ಹೊಸ ಬೆಕ್ಕಿಗೆ ಪ್ರತ್ಯೇಕ ಕೋಣೆ ಕೊಡಿ ಎನ್ನುತ್ತವೆ. ಅವನ್ನು ಬರೆದವರು ಡೊಂಬಿವಲಿಯ ನಾನೂರು ಚದರಡಿ ಫ್ಲಾಟು ಕಂಡವರಲ್ಲ. ಇಲ್ಲಿ ಪ್ರತ್ಯೇಕ ಕೋಣೆ ಸಿಗದೆ ಮದುವೆಗಳೇ ಮುಂದೆ ಹೋಗಿವೆ. ಆದರೆ ಕೋಣೆ ಇಲ್ಲದಿದ್ದರೂ ರಟ್ಟಿನ ಡಬ್ಬಿ ಇದೆಯಲ್ಲ! ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಆಶ್ರಯಧಾಮಕ್ಕೆ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗುವ ಡಬ್ಬಿ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಡಬ್ಬಿ ಸಿಕ್ಕವು ಬೇಗ ಸುಧಾರಿಸಿಕೊಂಡವು. ಕಿರಾಣಿ ಅಂಗಡಿಯಿಂದ ತಂದ ಬಿಸ್ಕತ್ತಿನ ಡಬ್ಬಿಯನ್ನು ಮಗ್ಗುಲಿಗೆ ಮಲಗಿಸಿ, ಒಳಗೆ ರಾಯರ ಒಗೆಯದ ಬನಿಯನ್ ಒಂದನ್ನು ಹಾಸಿ, ಕಪಾಟಿನ ಪಕ್ಕ ಇಡಿಸಿದೆ. ವಾಸನೆ ಪರಿಚಯವಾಗಲಿ ಎಂದು. "ನನ್ನ ಬನಿಯನ್‌ಗೆ ವಾಸನೆಯೇ ಇಲ್ಲ" ಎಂದು ರಾಯರ ತಕರಾರು. ಅವರ ಹೆಂಡತಿ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರಷ್ಟೆ.

ಊಟದ ತಟ್ಟೆ ಒಂದು ಮೂಲೆ, ನೀರು ಇನ್ನೊಂದು, ಮರಳಿನ ಟಬ್ಬು ಎರಡಕ್ಕೂ ದೂರ. ಮನುಷ್ಯರು ಮಾತ್ರ ಅಡುಗೆಮನೆಗೆ ಸಂಡಾಸು ಅಂಟಿಸಿದ ಫ್ಲಾಟಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ, ಬೆಕ್ಕು ಒಪ್ಪುವುದಿಲ್ಲ. ಮರಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಥಾಣೆ ಜಿಲ್ಲೆಯಲ್ಲಿ ಕಲ್ಲೆಸೆದರೆ ಕಟ್ಟುತ್ತಿರುವ ಟವರಿಗೇ ಬೀಳುತ್ತದೆ. ಒಂದು ಬಕೆಟ್ ರೇತಿ ಕೇಳಿ ತಂದರಾಯಿತು. ಬೀದಿಯಿಂದ ಬಂದ ಬೆಕ್ಕಿಗೆ ಅಂಗಡಿಯ ಸುಗಂಧದ ಹರಳಿಗಿಂತ ಅದೇ ಅರ್ಥವಾಗುವುದು.

ಇನ್ನು ಊಟ. ತೆನಾಲಿ ರಾಮಕೃಷ್ಣನ ಬೆಕ್ಕು ಎಲ್ಲರಿಗೂ ಗೊತ್ತು. ಅರಸನು ಬೆಕ್ಕಿನ ಜೊತೆ ಹಸುವನ್ನೂ ಕೊಟ್ಟ, ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ, ಬೆಕ್ಕು ಮತ್ತೆ ಹಾಲು ಕಂಡರೆ ಓಟ. ನಾವು ಐನೂರು ವರ್ಷದಿಂದ ರಾಮಕೃಷ್ಣನ ಜಾಣ್ಮೆಗೆ ನಗುತ್ತಾ ಬಂದಿದ್ದೇವೆ, ಬಾಯಿ ಸುಟ್ಟುಕೊಂಡದ್ದು ಯಾರು ಎಂದು ಒಬ್ಬರೂ ಕೇಳಿಲ್ಲ. ಒಂದೇ ಸಲದ ಪೆಟ್ಟು, ಜೀವಮಾನದ ಹೆದರಿಕೆ. ರಾಯರ ಬೆಕ್ಕಿಗೆ ಪೊರಕೆ ತೋರಿಸಬೇಡಿ ಎಂದದ್ದು ಅದಕ್ಕೇ. ಒಂದು ಲೆಕ್ಕದಲ್ಲಿ ರಾಮಕೃಷ್ಣ ಆ ಬೆಕ್ಕಿಗೆ ಉಪಕಾರವನ್ನೇ ಮಾಡಿದ್ದಾನೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗದು, ಹೊಟ್ಟೆ ಕೆಡುತ್ತದೆ.

ರಾಯರ ಮನೆ ಶುದ್ಧ ಸಸ್ಯಾಹಾರಿ. ಮೊಸರನ್ನ ಕಲಸಿಟ್ಟು ಕಾದರು. ಬೆಕ್ಕು ಮಾಂಸಾಹಾರಿಯಾಗಿಯೇ ಹುಟ್ಟಿದ್ದು, ಟಾರಿನ್ ಎಂಬ ಸತ್ವ ಅದಕ್ಕೆ ಸಿಗುವುದು ಮೀನು ಮಾಂಸದಿಂದ, ಅದು ತಪ್ಪಿದರೆ ಕಣ್ಣು ಹೋಗುತ್ತದೆ, ಗುಂಡಿಗೆ ಕೆಡುತ್ತದೆ ಎಂದು ನಾನು ಹೇಳಿದಾಗ ದಂಪತಿ ಮುಖ ಮುಖ ನೋಡಿಕೊಂಡರು. ಈಗ ಬಾಲ್ಕನಿಯಲ್ಲಿ ಒಂದು ಪ್ರತ್ಯೇಕ ಸ್ಟವ್, ಪ್ರತ್ಯೇಕ ಪಾತ್ರೆ. ಉಪ್ಪು ಹಾಕದೆ ಬೇಯಿಸಿದ ಮುಳ್ಳು ತೆಗೆದ ಮೀನು, ಜೊತೆಗೆ ಅಂಗಡಿಯ ಬೆಕ್ಕಿನ ಆಹಾರ. ಮೀನು ತರುವುದು ರಾಯರೇ, ಪತ್ರಿಕೆಯಲ್ಲಿ ಸುತ್ತಿ. ಎದುರಿಗೆ ಸಿಕ್ಕ ಬಿಲ್ಡಿಂಗಿನ ಸೆಕ್ರೆಟರಿಗೆ "ಮಂಗಳೂರು ಸೌತೆಕಾಯಿ" ಎಂದಿದ್ದಾರಂತೆ. ವಾಸನೆಗೆ ಏನು ಸಮಾಧಾನ ಹೇಳಿದರೋ.

ಪ್ರೀತಿ ತೋರಿಸುವ ವಿಷಯದಲ್ಲಿ ರಾಯರದು ಬೇರೆಯೇ ತೊಡಕು. ಡಬ್ಬಿಯ ಎದುರು ಕುಕ್ಕರುಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬೆಕ್ಕಿನ ಲೋಕದಲ್ಲಿ ಅದು ಯುದ್ಧಘೋಷಣೆ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳವರು 2020ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ: ಕಣ್ಣನ್ನು ಅರೆಮುಚ್ಚಿ ನಿಧಾನವಾಗಿ ರೆಪ್ಪೆ ಮಿಟುಕಿಸಿದರೆ ಬೆಕ್ಕೂ ಹಾಗೆಯೇ ಮಿಟುಕಿಸುತ್ತದೆ, ಆಮೇಲೆ ಹತ್ತಿರ ಬರಲೂ ಒಪ್ಪುತ್ತದೆ. ರಾಯರು ಅಭ್ಯಾಸಕ್ಕೆ ತೊಡಗಿದರು. ಬೆಕ್ಕಿನ ಮುಂದೆ ಮಾಡಿದ್ದರೆ ಸರಿ, ಲಿಫ್ಟಿನಲ್ಲೂ ಮಾಡಿದರು. ಐದನೇ ಮಾಳಿಗೆಯ ಮೇಡಂ ಈಗ ಮೆಟ್ಟಿಲು ಹತ್ತಿಯೇ ಹೋಗುತ್ತಾರೆ.

ಅಂತೂ ಒಂದು ರಾತ್ರಿ ಬೆಕ್ಕು ಹೊರಗೆ ಬಂತು. ಮನೆಯವರೆಲ್ಲ ಮಲಗಿದ ಮೇಲೆ ಹಾಲ್ ಸುತ್ತಿ, ಟೀವಿಯ ಹಿಂದೆ ಮೂಸಿ, ರಾಯರ ಚಾಪೆಯ ಅಂಚಿಗೆ ಗಲ್ಲ ತಿಕ್ಕಿತು. ರಾಯರು ಉಸಿರು ಬಿಗಿಹಿಡಿದು ಮಲಗಿದ್ದರಂತೆ. ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಗಣಪತಿ ಬಂದ. ಢೋಲ್ ತಾಶಾ ಮೊಳಗಿತು. ಬೆಕ್ಕು ಮತ್ತೆ ಕಪಾಟಿನ ಹಿಂದೆ. ಗಣಪತಿ, ನವರಾತ್ರಿ, ದೀಪಾವಳಿ, ನಮ್ಮಲ್ಲಿ ಸದ್ದಿಗೆ ಸಾಲುರಜೆ. ಆ ಎರಡು ಮೂರು ತಿಂಗಳು ಹೆದರುಪುಕ್ಕ ಬೆಕ್ಕಿಗೆ ಹೊರಗಿನ ದಾರಿ ತೋರಿಸುವ ಮಾತೇ ಬೇಡ. ಕಿಟಕಿ ಮುಚ್ಚಿ, ಡಬ್ಬಿ ತೆರೆದಿಡಿ, ನಿಮ್ಮ ಪಾಡಿಗೆ ಮೋದಕ ತಿನ್ನಿ.

ಹೊರಗೆ ಎಂದೆನಲ್ಲ, ನಿಜವಾದ ರಗಳೆ ಇರುವುದು ಅಲ್ಲೇ. ರಾಯರ ಮಗ ವಿದೇಶದಿಂದ ಕಳಿಸಿದ ಸಲಹೆಯಲ್ಲಿ "ಕೆಲವು ವಾರದ ಬಳಿಕ ಹಿತ್ತಲಿನ ಬಾಗಿಲು ತೆರೆದಿಡಿ, ತಾನಾಗಿ ಹೋಗಿ ಬರುತ್ತದೆ" ಎಂದಿತ್ತು. ಹಿತ್ತಲು! ರಾಯರ ಹಿತ್ತಲಿನಲ್ಲಿ ಇಪ್ಪತ್ತು ಸ್ಕೂಟರು, ನೀರಿನ ಟ್ಯಾಂಕರು, ವಾಚ್‌ಮನ್ನನ ಕುರ್ಚಿ, ಆ ಕುರ್ಚಿಯಡಿಯಲ್ಲಿ ಮೂರು ನಾಯಿ. ಇಲಿಗೆ ಇಟ್ಟ ವಿಷ ಬೇರೆ. ಮೆಟ್ಟಿಲು ಒರೆಸುವ ಫಿನಾಯಿಲ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಪಂಜ ನೆಕ್ಕುತ್ತದೆ, ಫಿನಾಯಿಲ್‌ನಲ್ಲಿರುವ ಫಿನಾಲ್‌ಗಳನ್ನು ಜೀರ್ಣಿಸುವ ಶಕ್ತಿ ಅದರ ಯಕೃತ್ತಿಗಿಲ್ಲ. ನಮ್ಮ ಜ್ವರದ ಪ್ಯಾರಸಿಟಮಾಲ್ ಮಾತ್ರೆಯೂ ಅದಕ್ಕೆ ಹಾಗೆಯೇ ಪ್ರಾಣಾಂತಕ.

ಥಾಣೆಯವರಿಗೆ ಇನ್ನೂ ಒಬ್ಬ ನೆಂಟನ ಭಯವಿದೆ. ಯೇವೂರಿನ ಕಾಡು ಘೋಡ್‌ಬಂದರ್ ರಸ್ತೆಯ ಟವರುಗಳ ಬೆನ್ನಿಗೇ ಇದೆಯಲ್ಲ. 2019ರ ಫೆಬ್ರವರಿಯಲ್ಲಿ ಒಂದು ಚಿರತೆ ಥಾಣೆಯ ಕೋರಂ ಮಾಲ್‌ಗೆ ಬಂದು ಸಿಸಿಟಿವಿಯಲ್ಲಿ ಕಾಣಿಸಿಕೊಂಡಿತು. ಕೊನೆಗೆ ಹತ್ತಿರದ ಹೋಟೆಲಿನ ನೆಲಮಾಳಿಗೆಯಲ್ಲಿ ಅರಿವಳಿಕೆ ಕೊಟ್ಟು ಹಿಡಿದರು. 2022ರ ನವೆಂಬರಿನಲ್ಲಿ ಇನ್ನೊಂದು ಕಲ್ಯಾಣ್ ಪೂರ್ವದ ವಸತಿ ಕಟ್ಟಡಕ್ಕೇ ನುಗ್ಗಿ ಜನರನ್ನು ಗಾಯಗೊಳಿಸಿತು. ಆ ಕಾಡಿನ ಚಿರತೆಗಳ ನಿತ್ಯದ ಊಟದಲ್ಲಿ ಬೀದಿನಾಯಿ ಇದೆ, ಬೆಕ್ಕು ಮುಟ್ಟೆನೆಂಬ ವ್ರತವೇನೂ ಅವಕ್ಕಿಲ್ಲ. ರಾತ್ರಿ ಬೆಕ್ಕನ್ನು ಹೊರಗೆ ಬಿಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಬಾಲ್ಕನಿ? ರಾಯರು ವಾಟ್ಸಾಪಿನಲ್ಲಿ ಒಂದು ಜ್ಞಾನ ಸಂಪಾದಿಸಿದ್ದರು: ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆ, ಏಳನೇ ಮಾಳಿಗೆಗಿಂತ ಮೇಲಿನಿಂದ ಬಿದ್ದರೆ ಪೆಟ್ಟು ಇನ್ನೂ ಕಡಿಮೆ! ಇದರ ಮೂಲ 1987ರ ನ್ಯೂಯಾರ್ಕಿನ ಒಂದು ವರದಿ. ಅಲ್ಲಿನ ಪ್ರಾಣಿ ಆಸ್ಪತ್ರೆಗೆ ಬಂದ, ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳಲ್ಲಿ ಚಿಕಿತ್ಸೆ ಸಿಕ್ಕವುಗಳ ಪೈಕಿ ಶೇಕಡಾ 90 ಬದುಕಿದವು. ಬಿದ್ದಲ್ಲೇ ಸತ್ತವನ್ನು ಆಸ್ಪತ್ರೆಗೆ ಯಾರು ಒಯ್ಯುತ್ತಾರೆ ರಾಯರೆ? ಬದುಕಿದವುಗಳ ಎದೆ, ದವಡೆ, ಕಾಲಿನ ಎಲುಬು ಎಷ್ಟು ಮುರಿದಿತ್ತೆಂದು ವಾಟ್ಸಾಪ್ ಹೇಳಿತೆ?

ಪಾರಿವಾಳಕ್ಕೆಂದು ಎಲ್ಲರೂ ಹಾಕಿಸುವ ನೈಲಾನ್ ಬಲೆ ಬೆಕ್ಕಿನ ಹಲ್ಲು ಉಗುರಿಗೆ ತಡೆಯದು. ರಾಯರಿಗೆ ಕಿಟಕಿಯ ಹೊರಚಾಚಿದ ಗ್ರಿಲ್‌ಗೆ ಕಬ್ಬಿಣದ ಸಣ್ಣ ಕಣ್ಣಿನ ಜಾಳಿ ಬೆಸುಗೆ ಹಾಕಿಸಿದೆವು. ಅಲ್ಲಿದ್ದ ತುಳಸಿ ಕುಂಡ, ಹಳೆ ಕುಕ್ಕರ್, ಹಪ್ಪಳದ ತಟ್ಟೆ ಎಲ್ಲ ಒಳಗೆ ಬಂದವು, ಬೆಕ್ಕು ಹೊರಗೆ ಹೋಯಿತು. ಕೂತು ನೋಡಲು ಪಾರಿವಾಳ, ಮೂಸಲು ಗಾಳಿ, ಕಾಯಿಸಲು ಬಿಸಿಲು. ನನ್ನ ಮಟ್ಟಿಗೆ ಈ ಕಡೆಯ ಮೇಲ್ಮಾಳಿಗೆಯ ಬೆಕ್ಕಿಗೆ ಇಷ್ಟೇ ಹೊರಗು, ಇದೇ ಸಾಕು.

ರಾಯರಿಗೆ ಸಾಕಾಗಲಿಲ್ಲ. ವಾಕಿಂಗ್ ಕರೆದುಕೊಂಡು ಹೋಗಬೇಕಂತೆ. ಸರಿ, ಮೊದಲು ಡಾಕ್ಟರ ಹತ್ತಿರ ಹೋಗಿ ಎಂದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಲೇಬೇಕು. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬಸುರಾಗಬಲ್ಲದು, ಎರಡು ತಿಂಗಳು ಕಳೆದರೆ ರಾಯರು ಅಜ್ಜ. ಬೆಕ್ಕುಗಳ ಪಾರ್ವೋ ಎನ್ನಬಹುದಾದ ಪ್ಯಾನ್‌ಲ್ಯುಕೋಪೀನಿಯಾ ರೋಗದ ಮತ್ತು ರೇಬಿಸ್ ಲಸಿಕೆ ಮುಗಿಯಬೇಕು. ಆಮೇಲೆ ಎದೆಪಟ್ಟಿ. ಅದನ್ನು ಊಟದ ತಟ್ಟೆಯ ಪಕ್ಕ ಸುಮ್ಮನೆ ಬಿಸಾಡಿಟ್ಟು, ಬೆಕ್ಕು ಅದನ್ನು ಮೂಸಿ ಮರೆತ ಮೇಲೆ ಹೆಗಲಿಗೆ ತಾಗಿಸಿ, ನಿಧಾನಕ್ಕೆ ಬಿಗಿದು, ಮನೆಯೊಳಗೇ ನಡೆಸಿ. ಮೊದಲ ಸಲ ಎದೆಪಟ್ಟಿ ಬಿಗಿದಾಗ ಬೆಕ್ಕು ಬೆನ್ನೆಲುಬೇ ಇಲ್ಲವೆಂಬಂತೆ ಮಗ್ಗುಲಿಗೆ ಬಿತ್ತು. ರಾಯರು ಹೌಹಾರಿ ಆಂಬುಲೆನ್ಸಿಗೆ ಹೊರಟರು. ಅದು ರೋಗವಲ್ಲ, ಸತ್ಯಾಗ್ರಹ.

ಕೊನೆಗೊಂದು ದಿನ, ಬೆಕ್ಕಿನ ಊಟಕ್ಕೆ ಸ್ವಲ್ಪ ಮುಂಚೆ, ಮಧ್ಯಾಹ್ನ ಬಿಲ್ಡಿಂಗೆಲ್ಲ ನಿದ್ದೆ ಹೋದ ಹೊತ್ತಿಗೆ ಮುಂಬಾಗಿಲು ತೆರೆಯಿತು. ಹಸಿವಿದ್ದರೆ ಕರೆದಾಗ ಮರಳುತ್ತದೆ. ಎತ್ತಿಕೊಂಡು ಹೋಗಬೇಡಿ, ಅದೇ ಹೊಸ್ತಿಲು ದಾಟಲಿ, ಮರಳುವ ದಾರಿ ಅದರ ಕಣ್ಣಿಗೆ ಕಾಣುತ್ತಿರಲಿ ಎಂದಿದ್ದೆ. ಬೆಕ್ಕು ಹೊಸ್ತಿಲ ಮೇಲೆ ಮುಂಗಾಲಿಟ್ಟು ಪ್ಯಾಸೇಜಿನ ಬಲ್ಬು ನೋಡಿತು, ಎದುರು ಮನೆಯ ಚಪ್ಪಲಿ ಮೂಸಿತು, ಲಿಫ್ಟಿನ ಬಾಗಿಲು ಕಿರುಗುಟ್ಟಿದ್ದೇ ತಡ ರಾಯರ ಲುಂಗಿಯ ಒಳಗೆ ನುಗ್ಗಿತು. ಮುಂದಿನದನ್ನು ಅವರು ಹೇಳುವುದಿಲ್ಲ.

ಎಲ್ಲ ಬೆಕ್ಕಿಗೂ ಇದೇ ಮಾತಲ್ಲ. ಥಾಣೆಯ ಚೆಂದಣಿ ಕೋಳಿವಾಡದ ಓಣಿಗಳಲ್ಲೋ ಬೇಲಾಪುರದ ದಿವಾಳೆ ಮೀನು ಮಾರ್ಕೆಟ್ಟಿನಲ್ಲೋ ಹುಟ್ಟಿ ಬೆಳೆದ ಗಡವ ಬೆಕ್ಕನ್ನು ತಂದು ಹತ್ತೊಂಬತ್ತನೇ ಮಾಳಿಗೆಯಲ್ಲಿ ಕೂಡಿಹಾಕುವುದೂ ಕ್ರೌರ್ಯವೇ. ಅದಕ್ಕೆ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಅದರ ಕೇರಿಗೇ ಮರಳಿ ಬಿಡಿ, ಮೀನು ಮಾರುವ ಕೋಳಿಣಿಯರು ನೋಡಿಕೊಳ್ಳುತ್ತಾರೆ. ಆದರೆ ಸಾಕಿದ ಬೆಕ್ಕು ಬೇಡವಾಯಿತೆಂದು ಚೀಲದಲ್ಲಿ ತಂದು ಅಲ್ಲಿ ಸುರಿದು ಹೋಗುವವರಿದ್ದಾರಲ್ಲ, ಅವರಿಗೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮು ಇದೆ.

ಇನ್ನು ಬೆಕ್ಕಿಗೆ ಒಳಗೂ ಹೊರಗೂ ಎರಡೂ ಬೇಕೇಬೇಕು ಎನ್ನುವವರು ಬೇಲಾಪುರದ ಆರ್ಟಿಸ್ಟ್ಸ್ ವಿಲೇಜಿನಲ್ಲಿ ಮನೆ ಹುಡುಕಲಿ. ಚಾರ್ಲ್ಸ್ ಕೊರಿಯಾ ಎಂಬತ್ತರ ದಶಕದಲ್ಲಿ ವಿನ್ಯಾಸ ಮಾಡಿದ ತಗ್ಗು ಮನೆಗಳು, ಮೂಲ ವಿನ್ಯಾಸದಲ್ಲಿ ಒಂದು ಮನೆಯ ಗೋಡೆ ಇನ್ನೊಂದರ ಜೊತೆ ಹಂಚಿಕೆಯಿಲ್ಲ, ಕೆಲವು ಮನೆಗಳಿಗೊಂದು ಸಾಮೂಹಿಕ ಅಂಗಳ. ಕೊರಿಯಾ ಮನುಷ್ಯರಿಗೆಂದೇ ಮಾಡಿದ್ದು, ಲಾಭ ಪಡೆದದ್ದು ಬೆಕ್ಕು. ಇದನ್ನು ರಾಯರ ಮುಂದೆ ಆಡಿದ್ದೇ ಆಡಿದ್ದು, ಮರುದಿನವೇ ಬೇಲಾಪುರದ ಬಾಡಿಗೆ ವಿಚಾರಿಸಿ ಬಂದರು. ಬಂದವರು ಎರಡು ದಿನ ಬೆಕ್ಕಿನೊಡನೆಯೂ ಮಾತಾಡಲಿಲ್ಲ.

ಈಗ ಮದುವೆ, ಉಪನಯನಗಳ ಕರೆಯೋಲೆ ಊರಿಂದ ಬರುತ್ತಲೇ ಇವೆ. ರಾಯರಿಗೆ ಭಾವಮೈದುನನ ಮನೆಯ ಸಮಾರಂಭಗಳೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಮೊನ್ನೆ ಹೆಂಡತಿಯನ್ನು ಥಾಣೆಯಲ್ಲಿ ಮತ್ಸ್ಯಗಂಧಾ ರೈಲು ಹತ್ತಿಸುತ್ತಾ ಮುಖ ಸಣ್ಣದು ಮಾಡಿಕೊಂಡು ಹೇಳಿದರಂತೆ: "ನಾನೂ ಬರ್ತಿದ್ದೆ ಕಣೆ. ಏನ್ ಮಾಡ್ಲಿ, ಬೆಕ್ಕಿಗೆ ಇನ್ನೂ ಹೆದರಿಕೆ ಹೋಗಿಲ್ಲ."

ನಾನು ಆ ಸಂಜೆ ಹೋದಾಗ ಬೆಕ್ಕು ಹಾಲ್‌ನ ನಟ್ಟನಡುವೆ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿತ್ತು. ರಾಯರು ಸೋಫಾದ ಮೇಲೆ ಅದೇ ಭಂಗಿಯಲ್ಲಿದ್ದರು.