ರ‍್ಯಾಕ್ ಪರಿವರ್ತನ ಮೀಮಾಂಸೆ: ಘಟ್ಟದ ಮೇಲಿನ ಹಳೆಯ ಮಾರುತಿಗಳನ್ನು ಕುರಿತು

ವಿಷಯನಿರ್ದೇಶ

1983ರ ಡಿಸೆಂಬರ್‌ನಲ್ಲಿ ಮೊದಲ ಗಿರಾಕಿಯ ಕೈಸೇರಿ, 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800 ಎಂಬ ಕಾರು ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಇಂದಿಗೂ ಅಡಿಕೆ ಚೀಲ, ಮೈಲುತುತ್ತದ ಪೊಟ್ಟಣ, ಬಾಳೆಗೊನೆ, ಪುರೋಹಿತರು ಹಾಗೂ ತಾಳಮದ್ದಳೆಯ ಅರ್ಥಧಾರಿಗಳನ್ನು ಹೊತ್ತು ಸಂಚರಿಸುತ್ತಿರುವುದು ಸರ್ವವಿದಿತ. ಅದರ ಎಂಜಿನ್ನಿನ ಬಗ್ಗೆ ಜಗಲಿಗಳಲ್ಲಿ ಸಾಕಷ್ಟು ಚರ್ಚೆ ನಡೆದಿದೆ, ಮೈಲೇಜಿನ ಬಗ್ಗೆ ಸಾಕಾಗುವುದಕ್ಕಿಂತ ಹೆಚ್ಚು ನಡೆದಿದೆ. ಆದರೆ ವಾಹನ ಎತ್ತ ಹೋಗಬೇಕೆಂಬ ಮೂಲಪ್ರಶ್ನೆಗೆ ಉತ್ತರ ಕೊಡುವ ಸ್ಟಿಯರಿಂಗ್ ರ‍್ಯಾಕ್ ಮಾತ್ರ ವಿದ್ವಜ್ಜನರ ಉಪೇಕ್ಷೆಗೆ ಗುರಿಯಾಗಿ, ಎಂಜಿನ್ನಿನ ಹಿಂದಿನ ಕತ್ತಲಲ್ಲಿ ಸವೆಯುತ್ತ ಬಂದಿದೆ. ಹಳೆಯ ರ‍್ಯಾಕನ್ನು ತೆಗೆದು ಹೊಸದನ್ನು ಕೂರಿಸುವ ಕರ್ಮದ ಲಕ್ಷಣ, ಪ್ರಮಾಣ, ಕಾಲ, ವಿಧಿ ಮತ್ತು ಫಲಗಳನ್ನು ಕ್ರಮವಾಗಿ ನಿರೂಪಿಸಿ ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಜೀಪು ಈ ವಿಚಾರದ ವ್ಯಾಪ್ತಿಗೆ ಬರುವುದಿಲ್ಲ. ಹಳೆಯ ಜೀಪಿನಲ್ಲಿ ರ‍್ಯಾಕಿಗೆ ಬದಲಾಗಿ ಸ್ಟಿಯರಿಂಗ್ ಬಾಕ್ಸ್ ಇರುವುದು ಇದಕ್ಕೆ ಒಂದು ಕಾರಣವಾದರೆ, ಸಡಿಲವಿಲ್ಲದ ಹಳೆಯ ಜೀಪನ್ನು ಕಣ್ಣಾರೆ ಕಂಡೆನೆಂದು ಸಾಕ್ಷಿ ಹೇಳುವವರು ಈ ಸೀಮೆಯಲ್ಲಿ ಯಾರೂ ಮುಂದೆ ಬಾರದ ಕಾರಣ ತುಲನೆಗೆ ಆಧಾರವೇ ಇಲ್ಲದಿರುವುದು ಇನ್ನೊಂದು.

ಲಕ್ಷಣ

ರ‍್ಯಾಕ್ ಎಂದರೆ ಕೊಳವೆಯೊಳಗೆ ಅಡ್ಡಲಾಗಿ ಮಲಗಿರುವ, ಒಂದು ಭಾಗದಲ್ಲಿ ಹಲ್ಲು ಕೊರೆದ ಉಕ್ಕಿನ ದಂಡ. ಸ್ಟಿಯರಿಂಗ್ ಕಂಬದ ತುದಿಯಲ್ಲಿರುವ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ ಇದನ್ನು ಕಚ್ಚಿಕೊಂಡಿರುವುದರಿಂದ, ಚಾಲಕನು ಸ್ಟಿಯರಿಂಗ್ ತಿರುಗಿಸಿದಾಗ ದಂಡವು ಎಡಕ್ಕೋ ಬಲಕ್ಕೋ ಸರಿದು, ತನ್ನ ಎರಡು ತುದಿಗಳ ಟೈ ರಾಡುಗಳ ಮೂಲಕ (ರಾಡಿನ ಒಳತುದಿಯ ಬಾಲ್ ಜಾಯಿಂಟು ‘ರ‍್ಯಾಕ್ ಎಂಡು’, ಹೊರತುದಿಯದು ‘ಟೈ ರಾಡ್ ಎಂಡು’) ಗಾಲಿಗಳನ್ನು ಹೊರಳಿಸುತ್ತದೆ. ಹಲ್ಲುಗಳು ಒಂದನ್ನೊಂದು ಬಿಡದಂತೆ ಹಿಂದಿನಿಂದ ಸ್ಪ್ರಿಂಗಿನ ಒತ್ತು ಇದ್ದು, ಅದನ್ನು ಬಿಗಿ ಮಾಡಲು ಒಂದು ಸ್ಕ್ರೂ ಇರುತ್ತದೆ. ಸ್ಟಿಯರಿಂಗ್ ತಿರುಗಿದರೂ ಗಾಲಿಗೆ ಸುದ್ದಿ ಮುಟ್ಟದಿರುವ ಅಂತರಕ್ಕೆ ಗ್ಯಾರೇಜಿನ ಪರಿಭಾಷೆಯಲ್ಲಿ ‘ಪ್ಲೇ’ ಎಂದು ಹೆಸರು.

ಪ್ಲೇ ಹುಟ್ಟುವ ಬಗೆ ಹೀಗಿದೆ: ರ‍್ಯಾಕಿನ ಎರಡು ಕೊನೆಗಳನ್ನು ಮುಚ್ಚಿರುವ ರಬ್ಬರಿನ ಬೂಟು ಹರಿದೊಡನೆ, ಬೇಸಿಗೆಯ ಕೆಂಪು ಧೂಳು ಒಳಹೊಕ್ಕು ಗ್ರೀಸಿನೊಂದಿಗೆ ಬೆರೆತು ಅರೆಯುವ ಮಸಿಯಾಗುತ್ತದೆ, ಮಳೆಗಾಲದ ನೀರು ಅದಕ್ಕೆ ತುಕ್ಕನ್ನು ಸೇರಿಸುತ್ತದೆ. ಸವೆತವು ದಂಡದ ನಡುಭಾಗದಲ್ಲಿ ಹೆಚ್ಚು, ತುದಿಗಳಲ್ಲಿ ಕಡಿಮೆ. ನೇರ ರಸ್ತೆಯೇ ಇಲ್ಲದ ಸೀಮೆಯಲ್ಲಿ ನಡುಭಾಗ ಸವೆಯುವುದಾದರೂ ಹೇಗೆ ಎಂಬ ಪೂರ್ವಪಕ್ಷವನ್ನು ಸಿದ್ದಾಪುರದ ಕಡೆಯವರು ಬಹುಕಾಲದಿಂದ ಮಂಡಿಸುತ್ತಿದ್ದಾರೆ. ಎಡತಿರುವಿನಿಂದ ಬಲತಿರುವಿಗೆ ಹೊರಳುವಾಗಲೆಲ್ಲ ಸ್ಟಿಯರಿಂಗ್ ನಡುವನ್ನು ದಾಟಲೇಬೇಕಾದ್ದರಿಂದ, ದೊಡ್ಮನೆ ಘಟ್ಟವನ್ನು ಒಮ್ಮೆ ಇಳಿದವನು ತನಗರಿವಿಲ್ಲದೆಯೇ ಈ ಪೂರ್ವಪಕ್ಷವನ್ನು ಖಂಡಿಸಿಕೊಂಡಿರುತ್ತಾನೆ ಎಂಬುದು ಇದಕ್ಕೆ ಸಮಾಧಾನ.

ಸೂತ್ರ ಮತ್ತು ಭಾಷ್ಯ

ಈ ಶಾಸ್ತ್ರಕ್ಕೆ ಮೂಲಸೂತ್ರವೆಂದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮ. ಸ್ಟಿಯರಿಂಗಿನ ಸಡಿಲ 30 ಡಿಗ್ರಿಯನ್ನು ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರಿನ ಟೊಪ್ಪಿ ಇರಬೇಕು, ಬೋಲ್ಟು-ಪಿನ್ನುಗಳು ಕಳಚದಂತೆ ಭದ್ರವಾಗಿರಬೇಕು ಎಂಬ ಮೂರು ವಿಧಿಗಳನ್ನು ಅದು ಸಾರುತ್ತದೆ. ಸ್ಟಿಯರಿಂಗಿನ ವ್ಯಾಸ 38 ಸೆಂಟಿಮೀಟರ್ ಎಂದಿಟ್ಟುಕೊಂಡರೆ 30 ಡಿಗ್ರಿ ಎಂಬುದು ಅದರ ಅಂಚಿನಲ್ಲಿ ಸುಮಾರು 10 ಸೆಂಟಿಮೀಟರ್, ಅಂದರೆ ಹೆಚ್ಚೂಕಡಿಮೆ ಒಂದು ಅಂಗೈಯಗಲ. ಕೋನಮಾಪಕವನ್ನು ಹತ್ತನೆಯ ತರಗತಿಯ ಪರೀಕ್ಷೆಯ ಮರುದಿನ ತ್ಯಜಿಸಿದ ಗೃಹಸ್ಥರಿಗೆ ಈ ಲೆಕ್ಕದಿಂದ ಬಹಳ ಅನುಕೂಲವಾಗಿದ್ದು, ಪ್ಲೇಯನ್ನು ಬೆರಳಗಲ, ಅಂಗೈಯಗಲ, ಗೇಣುದ್ದ ಎಂದು ಮೂರಾಗಿ ವಿಂಗಡಿಸುವ ಪದ್ಧತಿ ಅದರಿಂದಲೇ ಸಿದ್ಧಿಸಿದೆ. ಮೊದಲನೆಯ ಸ್ಥಿತಿಯಲ್ಲಿ ಕಾರಿನ ಯಜಮಾನನು ‘ಹೊಸ ಗಾಡಿ ಇದ್ದಂಗೆ ಇದ್ದು’ ಎನ್ನುತ್ತಾನೆ, ಎರಡನೆಯದರಲ್ಲಿ ‘ಅಡ್ಡಿಲ್ಲೆ’ ಎನ್ನುತ್ತಾನೆ, ಮೂರನೆಯದರಲ್ಲಿ ‘ಯನ್ನ ಕೈಯಲ್ಲಿ ಅಡ್ಡಿಲ್ಲೆ’ ಎನ್ನುತ್ತಾನೆ. ಈ ಕೊನೆಯ ವಾಕ್ಯದಲ್ಲಿ ಕಾರಿನ ಗುಣವು ಚಾಲಕನ ಗುಣವಾಗಿ ಮಾರ್ಪಟ್ಟಿರುವುದನ್ನು ಓದುಗರು ಲಕ್ಷಿಸಬೇಕು; ಪ್ರಬಂಧದ ಉತ್ತರಭಾಗ ಇದನ್ನೇ ಆಶ್ರಯಿಸಿ ನಿಂತಿದೆ.

ಮೂರು ಶಾಖೆಗಳು

ಗೇಣುದ್ದದ ಪ್ಲೇಗೆ ಪರಿಹಾರವೇನೆಂಬ ವಿಷಯದಲ್ಲಿ ಮೂರು ತಾಲ್ಲೂಕುಗಳಿಗೂ ಒಮ್ಮತವಿಲ್ಲ. ಬಿಡಿಭಾಗದ ಅಂಗಡಿಗಳು ಕೈಗೆಟಕುವ ಶಿರಸಿಯ ಶಾಖೆಯು ಸಮೂಲಪರಿವರ್ತನವಾದಿಯಾಗಿದ್ದು, ಬೂಟು, ಬುಶ್ಶು, ರ‍್ಯಾಕ್ ಎಂಡುಗಳ ಸಮೇತ ಇಡೀ ರ‍್ಯಾಕನ್ನೇ ಬದಲಿಸತಕ್ಕದ್ದೆಂದು ವಿಧಿಸುತ್ತದೆ. ಸಿದ್ದಾಪುರದ ಶಾಖೆಯು ಸ್ಕ್ರೂವಾದಿ. ಒತ್ತಿನ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿದರೆ ಸಕಲ ದೋಷವೂ ನಿವಾರಣೆಯಾಗುತ್ತದೆಂದು ಅದು ನಂಬುತ್ತದೆ. ಸವೆದ ನಡುಭಾಗಕ್ಕೆ ಸರಿಹೋಗುವಷ್ಟು ಬಿಗಿ ಮಾಡಿದಾಗ ಸವೆಯದ ತುದಿಭಾಗ ಕಚ್ಚಿಕೊಂಡು, ಮಾವಿನಗುಂಡಿಯ ಕಡೆಯ ಇಕ್ಕಟ್ಟಿನ ತಿರುವಿನಲ್ಲಿ ಹೊರಳಿದ ಸ್ಟಿಯರಿಂಗ್ ತಾನಾಗಿ ಹಿಂದಕ್ಕೆ ಬಾರದೆ ಅಲ್ಲಿಯೇ ವಿಶ್ರಮಿಸುವುದರಿಂದ, ಈ ವಾದವು ಶಾಸ್ತ್ರದಲ್ಲಿ ದುರ್ಬಲವಾದರೂ ಖರ್ಚಿಲ್ಲದ ಕಾರಣ ವ್ಯವಹಾರದಲ್ಲಿ ಬಲಿಷ್ಠವಾಗಿದೆ. ರಾಷ್ಟ್ರೀಯ ಹೆದ್ದಾರಿ 52ರ ಮೇಲಿರುವ ಯಲ್ಲಾಪುರದವರು ಪುನರ್ಜನ್ಮವಾದಿಗಳು. ಹುಬ್ಬಳ್ಳಿಯ ಗುಜರಿಯಿಂದ ಬಸ್ಸಿನಲ್ಲಿ ಹಾಕಿಸಿ ತರಿಸಿದ ಒರಿಜಿನಲ್ ರ‍್ಯಾಕು, ಡಬ್ಬಿಯಲ್ಲಿ ಬರುವ ಡೂಪ್ಲಿಕೇಟಿಗಿಂತ ಶ್ರೇಷ್ಠವೆಂದು ಅವರ ಮತ. ಆ ರ‍್ಯಾಕಿನ ಮೊದಲಿನ ಕಾರು ಯಾವ ಕಾರಣಕ್ಕೆ ಗುಜರಿ ಸೇರಿತೆಂಬ ಪ್ರಶ್ನೆಯನ್ನು ಅವರು ಅಪ್ರಸ್ತುತವೆಂದು ತಳ್ಳಿಹಾಕುತ್ತಾರೆ.

ಕಾಲನಿರ್ಣಯ

ರ‍್ಯಾಕು ಸವೆದಾಗ ಅದನ್ನು ಬದಲಿಸಲಾಗುತ್ತದೆ ಎಂಬುದು ಬಯಲುಸೀಮೆಯ ಭ್ರಮೆ. ಘಟ್ಟದ ಮೇಲೆ ಇದರ ಕಾಲವನ್ನು ನಿರ್ಧರಿಸುವುದು ಅಡಿಕೆ. ಕೊಯ್ಲು, ಸುಲಿತ, ಒಣಗಿಸುವಿಕೆ ಮುಗಿದು ಮಾಲು ವ್ಯಾಪಾರಕ್ಕೆ ಬೀಳುವವರೆಗೆ ಕಾರಿನ ಯಾವ ಕಾಯಿಲೆಗೂ ಮಾನ್ಯತೆ ಇರುವುದಿಲ್ಲ. ಆಮೇಲೆಯೂ ಅಡಿಕೆಯ ದರ್ಜೆಗಳಲ್ಲಿ ಕೋಕಾ, ಚಿಪ್ಪು ಮಾರಿದ ಹಣಕ್ಕೆ ಬೂಟು, ಗೋಟು ಮಾರಿದ ಹಣಕ್ಕೆ ಟೈ ರಾಡ್ ಎಂಡು, ಚಾಲಿ ಅಥವಾ ರಾಶಿ ಮಾರಿದ ಹಣಕ್ಕೆ ಮಾತ್ರ ರ‍್ಯಾಕು ಎಂಬ ಅಲಿಖಿತ ತಾರತಮ್ಯವಿದೆ. 1923ರಿಂದ ಶಿರಸಿಯಲ್ಲಿ ಅಡಿಕೆ ಬೆಳೆಗಾರರ ವ್ಯಾಪಾರ ನೋಡಿಕೊಳ್ಳುತ್ತಿರುವ ತೋಟಗಾರರ ಸಹಕಾರಿ ಸಂಘದ ಪ್ರಾಂಗಣದಲ್ಲಿ ದರ ಕುಸಿದ ವರ್ಷ, ಗೇಣುದ್ದದ ಪ್ಲೇ ಕೂಡ ಅಂಗೈಯಗಲದಂತೆ ತೋರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷದಲ್ಲಿ ನೆಂಟರು ಬರುವರೆಂಬ ಭಯದಿಂದ ಈ ನಿಯಮಕ್ಕೆ ಅಪವಾದ ಉಂಟಾಗುವುದುಂಟು. ಬೆಂಗಳೂರಿನಿಂದ ಬಂದ ಅಳಿಯನೊಬ್ಬ ಉತ್ಸಾಹದಿಂದ ಕೀಲಿ ಪಡೆದು ದೇವಿಮನೆ ಘಟ್ಟದಲ್ಲಿ ಎರಡು ತಿರುವು ಓಡಿಸಿ, ಮೂರನೆಯದಕ್ಕೆ ಮುಂಚೆ ಬದಿಗೆ ನಿಲ್ಲಿಸಿ, ‘ಮಾವ, ನೀವೇ ಓಡಿಸಿ’ ಎಂದು ಕೆಳಗಿಳಿಯುವುದೇ ಈ ಪ್ರಕರಣದಲ್ಲಿ ಅಂತಿಮ ಪ್ರಮಾಣ.

ಪ್ರಯೋಗವಿಧಿ

ಮೊದಲು ಸ್ಟಿಯರಿಂಗನ್ನು ನೇರ ನಿಲ್ಲಿಸಿ, ಕಂಬ ಮತ್ತು ಪಿನಿಯನ್ ಕೂಡುವಲ್ಲಿ ಸುಣ್ಣದ ಗುರುತು ಹಾಕಬೇಕು. ಆ ಗುರುತನ್ನು ಎಲೆಯಡಿಕೆಯ ಡಬ್ಬಿಯ ಸುಣ್ಣದಿಂದಲೇ ಹಾಕಬಹುದೆಂಬುದಕ್ಕೆ ವಿರೋಧವಿಲ್ಲ. ಮುಂಭಾಗವನ್ನು ಜಾಕಿಯಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಗಾಲಿ ಬಿಚ್ಚಿದ ಬಳಿಕ, ಟೈ ರಾಡ್ ಎಂಡಿನ ಸ್ಪ್ಲಿಟ್ ಪಿನ್ ತೆಗೆಯಬೇಕು. ಸೂತ್ರದ ಮೂರನೆಯ ವಿಧಿಯನ್ನು ಮರೆತವರು ಇಲ್ಲಿ ಪಿನ್ನಿನ ಬದಲು ಬೇಲಿಯ ತಂತಿಯನ್ನು ಸುತ್ತಿರುವುದು ಆಗಾಗ ಬೆಳಕಿಗೆ ಬರುತ್ತದೆ. ಎಂಡಿನ ಕಂಬಿಯು ತುದಿಯಲ್ಲಿ ಸಣ್ಣ, ಬುಡದಲ್ಲಿ ದಪ್ಪ ಇರುವ ಆಕಾರದ್ದಾದ್ದರಿಂದ ನಟ್ಟು ತೆಗೆದ ಮಾತ್ರಕ್ಕೆ ಕಳಚುವುದಿಲ್ಲ. ಕಂಬಿಯ ತಲೆಗೆ ಹೊಡೆದವನು ಅದರ ತಿರುಪಿನ ಮರೆಯನ್ನು ಕೆಡಿಸುತ್ತಾನೆ, ಅದು ಕೂತಿರುವ ಕಣ್ಣಿನ ಪಕ್ಕಕ್ಕೆ ಎರಡು ಸುತ್ತಿಗೆಗಳಿಂದ ಎದುರುಬದುರಾಗಿ ಹೊಡೆದವನು ಜ್ಞಾನಿ.

ಎಂಡನ್ನು ಟೈ ರಾಡಿನಿಂದ ಬಿಚ್ಚುವಾಗ ಎಷ್ಟು ಸುತ್ತಿನಲ್ಲಿ ಹೊರಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ತಿರುಪಿದರೆ ಅಲೈನ್‌ಮೆಂಟಿನ ಅಂಗಡಿಯವರೆಗೆ ಕಾರು ಹೋಗಿ ಮುಟ್ಟುತ್ತದೆ. ಎಣಿಸುವಾಗ ಯಾರಾದರೂ ಬಂದು ಅಡಿಕೆ ದರ ಕೇಳಿದರೆ ಉತ್ತರಿಸಕೂಡದು. ಪಿನಿಯನ್ನಿನ ಕೊಂಡಿಯ ಬೋಲ್ಟನ್ನೂ ಹಿಡಿಕಟ್ಟುಗಳನ್ನೂ ಕಳಚಿ ರ‍್ಯಾಕನ್ನು ಪಕ್ಕದಿಂದ ಎಳೆದ ಮೇಲೆ, ಹೊಸ ರ‍್ಯಾಕನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ, ಸುತ್ತುಗಳ ಅರ್ಧಕ್ಕೆ ತಂದು ನಿಲ್ಲಿಸಿ ಜೋಡಿಸತಕ್ಕದ್ದು. ಒಂದು ಹಲ್ಲು ತಪ್ಪಿದರೂ, ನೇರ ಹೋಗುವ ಕಾರಿನಲ್ಲಿ ಸ್ಟಿಯರಿಂಗ್ ಓರೆಯಾಗಿ ನಿಲ್ಲುತ್ತದೆ. ಹೊಸ ಪಿನ್ನು, ಹೊಸ ಬೂಟು, ಹಿಡಿಕಟ್ಟಿನ ಒಳಗೆ ಹೊಸ ರಬ್ಬರು ಹಾಕಿ, ಮುಂದಿನ ಗಾಲಿಗಳ ಓರೆಯನ್ನು ಅಲೈನ್‌ಮೆಂಟ್ ಯಂತ್ರದಲ್ಲಿ ತಿದ್ದಿಸಿದಲ್ಲಿಗೆ ಕಾರಿಗೆ ಸಂಬಂಧಿಸಿದ ಕರ್ಮ ಮುಗಿಯುತ್ತದೆ.

ಚಾಲಕಶೇಷ

ಇಲ್ಲಿಗೆ ಶಾಸ್ತ್ರವೂ ಮುಗಿಯಿತೆಂದು ತಿಳಿದವರು ಮರುದಿನ ಯಜಮಾನನು ಕಾರು ಓಡಿಸುವುದನ್ನು ನೋಡಿಲ್ಲ. ಅಂಗೈಯಗಲದ ಸಡಿಲವನ್ನು ಮೊದಲೇ ತುಂಬಿಕೊಂಡು ತಿರುಗಿಸುವುದನ್ನು ಅವನ ತೋಳುಗಳು ವರ್ಷಗಟ್ಟಲೆ ಅಭ್ಯಾಸ ಮಾಡಿಕೊಂಡಿರುವುದರಿಂದ, ಸಡಿಲವೇ ಇಲ್ಲದ ಸ್ಟಿಯರಿಂಗಿಗೂ ಅವನು ಆ ಅಂಗೈಯಗಲವನ್ನು ಧಾರಾಳವಾಗಿ ನೀಡುತ್ತಾನೆ. ಕಾರು ಅದನ್ನು ಪ್ರಾಮಾಣಿಕವಾಗಿ ಸ್ವೀಕರಿಸಿ ಚರಂಡಿಯತ್ತ ನಡೆಯುತ್ತದೆ. ಗಾಬರಿಯಿಂದ ಹಿಂದಕ್ಕೆ ಕೊಟ್ಟ ಇನ್ನೊಂದು ಅಂಗೈಯಗಲವು ಅದನ್ನು ಎದುರಿನ ಬಸ್ಸಿನತ್ತ ಒಯ್ಯುತ್ತದೆ. ಇದೇ ಕಾರನ್ನು ಅಳಿಯನು ಕೂದಲೆಳೆಯಷ್ಟೂ ಓಲಾಡಿಸದೆ ಓಡಿಸುವುದರಿಂದ, ದೋಷ ರ‍್ಯಾಕಿನಲ್ಲಿಲ್ಲ, ಹಳೆಯ ರ‍್ಯಾಕಿನ ಪ್ಲೇ ತನ್ನದೊಂದು ಪ್ರತಿಯನ್ನು ಯಜಮಾನನ ಹೆಗಲಲ್ಲಿ ಬಿಟ್ಟುಹೋಗಿದೆ ಎಂದು ಅನುಮಾನಪ್ರಮಾಣದಿಂದ ಸಿದ್ಧವಾಗುತ್ತದೆ.

ಹಾಗಿದ್ದರೆ ಬದಲಿಸುವುದೇಕೆ, ಹೊಂದಿಕೊಂಡ ಕೈಗೆ ಹೊಂದಿಕೊಂಡ ರ‍್ಯಾಕೇ ಸಾಲದೇ ಎಂದು ಸ್ಕ್ರೂವಾದಿಗಳು ಕೊನೆಯ ಬಾರಿ ಆಕ್ಷೇಪಿಸುತ್ತಾರೆ. ಸವೆದ ರ‍್ಯಾಕ್ ಎಂಡೊಂದು ಅರಬೈಲು ಘಟ್ಟದಲ್ಲಿ ಕಳಚಿಕೊಂಡ ಕ್ಷಣ ಆ ಗಾಲಿ ತನಗೆ ತೋಚಿದ ಕಡೆಗೆ ಹೊರಳುತ್ತದೆ, ಆಗ ಯಾವ ಹೆಗಲಿನ ಯಾವ ಅಭ್ಯಾಸವೂ ಅದನ್ನು ತಲುಪಲಾರದು ಎಂಬ ಒಂದೇ ವಾಕ್ಯದಿಂದ ಆ ಆಕ್ಷೇಪ ನಿರಸ್ತವಾಗುತ್ತದೆ. ಆದ್ದರಿಂದ ರ‍್ಯಾಕನ್ನು ಬದಲಿಸಲೇಬೇಕು. ಚಾಲಕನಿಗೆ ಬಿಡಿಭಾಗ ದೊರೆಯದ ಕಾರಣ ಅವನನ್ನು ಅವನಾಗಿಯೇ ಸರಿಹೋಗಲು ಬಿಡಬೇಕು. ಹೊಸ ರ‍್ಯಾಕು ಡೂಪ್ಲಿಕೇಟೆಂದು ಜಗಳ ಕಾಯ್ದು ನಾಲ್ಕನೆಯ ದಿನ ಗ್ಯಾರೇಜಿಗೆ ಬರುವ ಯಜಮಾನನಿಗೆ ಅನುಭವಿ ಮೆಕ್ಯಾನಿಕರು ಪಾನಾ ಮುಟ್ಟದೆಯೇ ಕೊಡುವ ಉತ್ತರವನ್ನು ಈ ಶಾಸ್ತ್ರದ ಸಿದ್ಧಾಂತವಾಕ್ಯವೆಂದು ಸ್ವೀಕರಿಸತಕ್ಕದ್ದು: ‘ಗಾಡಿ ಸಮಾ ಅದೆ ಹೆಗಡೇರೆ, ಇನ್ನು ಕೈ ಕೂಡ್ಬೇಕು.’